ಕುಂಬಿಯ ಮೇಲಿನ ಗಾಜು

ನಮ್ಮ ಅಡುಗೆಮನೆಯಲ್ಲಿ ಚಹಾಕ್ಕೆ ಶುಂಠಿ ಜಜ್ಜಲು ಒಂದು ಬೀಗವಿದೆ. ಮನೆಯಲ್ಲಿ ಗುಂಡುಕಲ್ಲು ಇಲ್ಲವೆಂದಲ್ಲ. ಅಂಗೈ ತುಂಬ ಕೂರುವ ಅದರ ಹಿತ್ತಾಳೆಯ ಹೊಟ್ಟೆಗೂ ಅದರ ತೂಕಕ್ಕೂ ಶುಂಠಿಯ ಮೇಲೆ ಬಿದ್ದಾಗ ಅದು ಮಾಡುವ ಗಂಭೀರವಾದ ಸದ್ದಿಗೂ ನನ್ನ ಕೈ ಒಗ್ಗಿಹೋಗಿದೆ. ಅದರ ಕೀಲಿಕೈ ಎಂದೋ ಕಳೆದುಹೋಯಿತು. ಬಂದವರು ನೋಡಿ ನಗುತ್ತಾರೆ. ನಗಲಿ, ನನ್ನದೇನೂ ತಕರಾರಿಲ್ಲ. ನಗುತ್ತ ನಗುತ್ತ ಅವರ ಕಣ್ಣು ನನ್ನ ಅಡುಗೆಮನೆಯಲ್ಲಿ ಎಲ್ಲೆಲ್ಲಿ ಓಡಾಡಿತು ಎಂಬುದನ್ನು ಮಾತ್ರ ನಾನು ಗಮನಿಸುತ್ತಿರುತ್ತೇನೆ.

ಹೌದು, ನಾನು ಸಂಶಯದವಳು. ಇದನ್ನು ಕೆಲವರು ರೋಗವೆನ್ನುತ್ತಾರೆ, ನಾನು ಹುಷಾರಿ ಎನ್ನುತ್ತೇನೆ. ತಾಂಬಾದಲ್ಲಿ ನನ್ನ ತವರು. ಅಲ್ಲಿ ನನ್ನವ್ವ ಸಂತೆಗೆ ಕರೆದೊಯ್ದಾಗಲೆಲ್ಲ ತಕ್ಕಡಿಯ ಮುಳ್ಳಿಗಿಂತ ಮೊದಲು ತೂಗುವವನ ಬೆರಳು ನೋಡಲು ಕಲಿಸಿದಳು. ಅಂಥ ಪಾಠ ಕಲಿತವಳಿಗೆ ಲೋಕವೆಲ್ಲ ಬೆರಳುಗಳಿಂದಲೇ ತುಂಬಿದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಸಂಶಯಕ್ಕೂ ಒಂದು ರುಚಿಯಿದೆ ನೋಡ್ರಿ, ಅದನ್ನು ಒಮ್ಮೆ ನಾಲಿಗೆಗೆ ಹಚ್ಚಿಕೊಂಡವರಿಗೆ ಬರೀ ನಂಬಿಕೆ ಸಪ್ಪೆಯೆನಿಸುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಬಂದದ್ದು ಸಿಂದಗಿಯ ಒಂದು ಹಳೆಯ ಓಣಿಗೆ. ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದವು. ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯ ನಡುವೆ, ಕೆಳಗಿನ ಕತ್ತಲೆಗೆ ಒಂದಿಷ್ಟು ಸೂರ್ಯನನ್ನು ಇಳಿಸಲು ಒಂದು ಬೆಳಕಿಂಡಿ. ಒಂದು ಮಾಳಿಗೆಗೂ ಪಕ್ಕದ ಮಾಳಿಗೆಗೂ ನಡುವೆ ಸೊಂಟದೆತ್ತರದ ಗೋಡೆ, ಅದಕ್ಕೆ ನಮ್ಮ ಕಡೆ ಕುಂಬಿ ಎನ್ನುತ್ತಾರೆ. ಕೆಳಗಿನ ಬೀದಿ ಗಂಡಸರದಾದರೆ ಮೇಲಿನ ಮಾಳಿಗೆ ಹೆಂಗಸರದು. ಮೆಣಸಿನಕಾಯಿ ಒಣಗುವುದು ಅಲ್ಲಿ, ಸಂಡಿಗೆ ಒಣಗುವುದು ಅಲ್ಲಿ, ಮನೆಯೊಳಗೆ ಆಡಲಾಗದ ಮಾತು ಗಾಳಿಗೆ ಬೀಳುವುದೂ ಅಲ್ಲಿಯೇ.

ನನ್ನ ಅತ್ತೆ ನೀಲವ್ವ ಆ ಮಾಳಿಗೆಯ ಗೌಡತಿ. ಕುಂಬಿಯ ಆಚೆಗೆ ಇಂದೂಬಾಯಿ ಎಂಬ ವೈಷ್ಣವ ಮನೆತನದ ವಿಧವೆ. ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಮಡಿ. ಮಿಂದು ಮಡಿಯುಟ್ಟರೆ ಊಟವಾಗುವವರೆಗೆ ಹೆತ್ತ ಮಗನೂ ಅವರನ್ನು ಮುಟ್ಟುವಂತಿರಲಿಲ್ಲ, ಅವರ ಅಡುಗೆಯ ಡಬ್ಬಿಗಳನ್ನಂತೂ ಯಾವ ಹೊತ್ತಿನಲ್ಲೂ ಮುಟ್ಟುವಂತಿರಲಿಲ್ಲ. ಲಿಂಗಾಯತರ ಮನೆಯ ನಮ್ಮ ಅತ್ತೆಯ ಕೈಯಿಂದ ಅವರ ಕೈಗೆ ಏನೂ ನೇರವಾಗಿ ಹೋಗುತ್ತಿರಲಿಲ್ಲ. ಇವರು ತಾಟನ್ನು ಕುಂಬಿಯ ಮೇಲಿಟ್ಟು ಹಿಂದೆ ಸರಿಯುವರು, ಅವರು ಬಂದು ಎತ್ತಿಕೊಳ್ಳುವರು. ಅವರು ಇಟ್ಟು ಸರಿದರೆ ಇವರು ಎತ್ತಿಕೊಳ್ಳುವರು. ಪಂಚಮಿಯ ಉಂಡಿ, ಸಂಕ್ರಾಂತಿಯ ಎಳ್ಳು, ಉಪ್ಪಿನಕಾಯಿ, ಯಾವುದಾದರೂ ಸರಿ, ಮೇಲೊಂದು ಅರಿವೆ ಮುಚ್ಚಿಕೊಂಡೇ ದಾಟುತ್ತಿತ್ತು. ಮುಚ್ಚಿದ ತಾಟನ್ನು ಕಂಡರೆ ಅರಿವೆಯ ಕೆಳಗೆ ಏನಿದೆ ಎಂದು ಯೋಚಿಸುವುದು ನನ್ನ ಸ್ವಭಾವ, ಮತ್ತು ಆ ತಾಟುಗಳು ಉಂಡಿಗೆ ತಕ್ಕದ್ದಕ್ಕಿಂತ ಭಾರವಾಗಿರುವಂತೆ ನನಗೆ ಕಂಡದ್ದೂ ನಿಜ.

ಹೀಗಿರುವಾಗ ಇಂಡಿ ಊರಿನಿಂದ ಒಂದು ಸುದ್ದಿ ಬಸ್ಸು ಹತ್ತಿ ಬಂತು. ಅಲ್ಲಿ ಕಳ್ಳರು ಮಾಳಿಗೆ ಏರಿ, ಬೆಳಕಿಂಡಿಯ ಮೇಲಿನ ಕಲ್ಲು ಸರಿಸಿ, ಹಗ್ಗ ಬಿಟ್ಟು ಇಳಿದು ಒಂದು ಮನೆಯ ಬಂಗಾರವನ್ನೆಲ್ಲ ಒಯ್ದರಂತೆ. ಬಸ್‌ನಿಲ್ದಾಣದಲ್ಲಿ ಒಂದು ಮನೆಯಾಗಿದ್ದದ್ದು ನಮ್ಮ ಓಣಿ ಮುಟ್ಟುವಷ್ಟರಲ್ಲಿ ಒಂದು ಓಣಿಯೇ ಆಗಿತ್ತು. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತು ಈ ಸುದ್ದಿಯನ್ನು ಸಕ್ಕರೆಯ ಜೊತೆಗೆ ಕಟ್ಟಿ ಕೊಡುತ್ತಿದ್ದ ನಮ್ಮವರು ಸಂಜೆ ಮನೆಗೆ ಬಂದು ನಮ್ಮ ಬೆಳಕಿಂಡಿಯನ್ನೇ ದಿಟ್ಟಿಸಿ ನೋಡುತ್ತ ನಿಂತರು.

ಅಲ್ಲಿಂದ ನಮ್ಮ ಮನೆ ಕೋಟೆಯಾಗತೊಡಗಿತು. ಬೆಳಕಿಂಡಿಗೆ ಕಬ್ಬಿಣದ ಸರಳು ಬಂದವು. ಬಾಗಿಲಿಗೆ ಹಳೆಯ ಅಗಳಿಯ ಜೊತೆಗೆ ಹೊಸದೊಂದು ಅಡ್ಡಪಟ್ಟಿ ಬಂತು. ಕನ್ನೊಳ್ಳಿಯಿಂದ ಒಂದು ನಾಯಿ ಬಂತು. ರೊಟ್ಟಿ ಹಾಕಿದವರಿಗೆಲ್ಲ ಬಾಲ ಅಲ್ಲಾಡಿಸಿ, ಅಂಗಡಿಯಿಂದ ದಣಿದು ಬರುವ ನಮ್ಮವರೊಬ್ಬರಿಗೆ ಮಾತ್ರ ಬೊಗಳುತ್ತಿತ್ತು. ಕೊನೆಗೆ ಸೊಲ್ಲಾಪುರದಿಂದ ಈ ಹಿತ್ತಾಳೆಯ ಬೀಗ ಬಂತು. ಅದರ ಕೀಲಿಕೈಯನ್ನು ನಮ್ಮವರು ಅಂಗಿಯ ಒಳಕಿಸೆಯಲ್ಲಿ, ಎದೆಗೆ ಹತ್ತಿರವಾಗಿ, ಇಟ್ಟುಕೊಂಡರು. ಆ ಜಾಗದಲ್ಲಿ ಯಾರೋ ಇರಬೇಕಿತ್ತಲ್ಲ ಎಂದು ಹೊಸ ಸೊಸೆಯಾದ ನನಗೆ ಅನಿಸಿದ್ದುಂಟು.

ಬೀಗವೂ ಒಂದು ವಿಚಿತ್ರ ವಸ್ತು. ಅದುವರೆಗೆ ನಮ್ಮ ಬಾಗಿಲನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಬೀಗ ಬಂದದ್ದೇ ತಡ, ದಾರಿಹೋಕರು ನಿಂತು ನೋಡತೊಡಗಿದರು. ಇಷ್ಟು ದೊಡ್ಡ ಬೀಗ ಹಾಕುವಷ್ಟು ಇವರ ಮನೆಯಲ್ಲಿ ಏನಿದೆ ಎಂಬ ಪ್ರಶ್ನೆ ಪ್ರತಿಯೊಂದು ಮುಖದಲ್ಲೂ ಕಂಡಿತು, ಕಡೆಯ ಪಕ್ಷ ನನಗೆ ಕಂಡಿತು. ಬಳೆಗಾರ ಬಂದರೆ ಅವನು ನನ್ನ ಕೈ ನೋಡುತ್ತಾನೋ ಒಳಗಿನ ಕೋಣೆ ನೋಡುತ್ತಾನೋ ಎಂದು ನಾನು ಅವನ ಕಣ್ಣು ಕಾಯ್ದೆ. ಹಳೆಯ ಸೀರೆಗೆ ಪಾತ್ರೆ ಕೊಡುವವಳು ನೀರು ಕೇಳಿದರೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಬಾಗಿಲಲ್ಲೇ ಅಡ್ಡ ನಿಂತೆ. ಅತ್ತೆ ಇದನ್ನೆಲ್ಲ ನೋಡಿ ನಗುತ್ತಿದ್ದರು.

"ಅಲ್ಲ ಶಾಂತಾ, ಕಳ್ಳ ಬರೂಕಿಂತ ಮೊದಲ ನೀವಿಬ್ರು ಮನ್ಯಾಗ ಜೈಲ ಕಟ್ಟಾಕತ್ತೀರಲ್ಲ!"

ಆ ನಗು ನಿಂತದ್ದು ಗಾಜಿನ ಮಾತು ಬಂದಾಗ. ಒಡೆದ ಸೋಡಾ ಬಾಟಲಿಗಳ ಚೂರುಗಳನ್ನು ಕುಂಬಿಯ ಮೇಲೆ ಸಿಮೆಂಟಿನಲ್ಲಿ ನಿಲ್ಲಿಸಿದರೆ ಮಾಳಿಗೆಯಿಂದ ಮಾಳಿಗೆಗೆ ಕಳ್ಳರು ದಾಟಲಾರರು ಎಂಬುದು ನಮ್ಮವರ ಹೊಸ ಯೋಜನೆ. ತಾಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದ ಇಂದೂಬಾಯಿಯ ಮಗನೂ ಅದಕ್ಕೆ ಹೂಂ ಎಂದ. ಎರಡೂ ಮನೆಯ ಗಂಡಸರು ಹಾಗೆ ಒಂದಾದದ್ದನ್ನು ನಾನು ಮೊದಲ ಸಲ ಕಂಡೆ. ಸರಳಿಗೂ ಬೀಗಕ್ಕೂ ಅಡ್ಡಿ ಹೇಳದ ಅತ್ತೆ ಈಗ ಮಾತ್ರ ಮುಖ ಬಿಗಿದು ನಿಂತರು.

"ಬಸಣ್ಣಾ, ಕುಂಬಿಗೆ ಗಾಜ ಬ್ಯಾಡ. ಏನ ಬೇಕಾದ್ದು ಮಾಡ, ಅದೊಂದ ಬ್ಯಾಡ."

"ಯಾಕ ಬ್ಯಾಡವ್ವಾ? ಕಾರಣ ಹೇಳು."

ಅತ್ತೆ ಕಾರಣ ಹೇಳಲಿಲ್ಲ. ಕಾರಣವಿಲ್ಲದ ಬೇಡವೆಂದರೆ ಸಂಶಯದವರಿಗೆ ಹಬ್ಬದೂಟ. ಗಾಜು ಬಂತು. ಬಿಸಿಲಿನಲ್ಲಿ ಹಸಿರಾಗಿ ಮಿರಿಮಿರಿ ಮಿಂಚುತ್ತಿತ್ತು, ಮತ್ತು ತಾಟು ಇಡಲು ಅಂಗೈಯಗಲ ಜಾಗವೂ ಉಳಿಯಲಿಲ್ಲ. ಅಂದಿನಿಂದ ಅತ್ತೆಯ ಊಟ ಕಡಿಮೆಯಾಯಿತು. ಮಾಳಿಗೆಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು.

ಅಷ್ಟರಲ್ಲಿ ತಾಂಬಾದಿಂದ ನನ್ನ ತಮ್ಮನ ಲಗ್ನದ ಕರೆ ಬಂತು. ಈಗ ನನ್ನ ಬೋರಮಾಳದ ವಿಷಯ ಹೇಳಬೇಕು. ಕೊರಳ ತುಂಬ ಬೀಳುವ ಬಂಗಾರದ ಗುಂಡುಗಳ ಆ ಸರ ನನ್ನವ್ವನದು. ನನ್ನ ಮದುವೆಯಲ್ಲಿ ತನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದಳು, ಮರುವರ್ಷವೇ ತೀರಿಕೊಂಡಳು. ಬಂದ ಸೊಸೆ ತನ್ನ ಬಂಗಾರವನ್ನು ಅತ್ತೆಯ ಸುಪರ್ದಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ನಾನೂ ಕೊಟ್ಟಿದ್ದೆ, ಅತ್ತೆ ಅದನ್ನು ಒಂದು ಸಣ್ಣ ಹಿತ್ತಾಳೆಯ ಡಬ್ಬಿಯಲ್ಲಿಟ್ಟು ತಮ್ಮ ಟ್ರಂಕಿನಲ್ಲಿ ಇಟ್ಟದ್ದನ್ನು ಕಣ್ಣಾರೆ ಕಂಡಿದ್ದೆ. ಅವ್ವನಿಲ್ಲದ ಲಗ್ನದಲ್ಲಿ ಅವ್ವನ ಸರವಾದರೂ ಇರಬೇಕು ಎಂಬುದೊಂದೇ ನನ್ನ ಆಸೆ. ಕೇಳಿದೆ. "ಕೊಡ್ತೇನಿ ತಡಿ" ಎಂದರು. ಮರುದಿನ ಕೇಳಿದೆ. "ಲಗ್ನಕ್ಕ ಇನ್ನೂ ಹೊತ್ತೈತಿ" ಎಂದರು. ಆಮೇಲೊಂದು ದಿನ ರೇಷ್ಮೆ ಸೀರೆಗಳಿಗೆ ಬಿಸಿಲು ತೋರಿಸಲು ಟ್ರಂಕು ತೆರೆದಾಗ ನಾನು ಎದುರಿಗೇ ಇದ್ದೆ. ಸೀರೆಗಳೆಲ್ಲ ಹೊರಗೆ ಬಂದವು, ಟ್ರಂಕಿನ ತಳ ಕಂಡಿತು, ಡಬ್ಬಿ ಇರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ನನ್ನ ತಲೆಯೊಳಗೆ ಲೆಕ್ಕ ಶುರುವಾಯಿತು. ಅರಿವೆ ಮುಚ್ಚಿದ ತಾಟುಗಳು, ಅವುಗಳ ಭಾರ, ಗಾಜಿಗೆ ಅತ್ತೆ ಒಡ್ಡಿದ ತಡೆ, ಎಲ್ಲವೂ ಒಂದು ದಾರಕ್ಕೆ ಪೋಣಿಸಿಕೊಂಡವು. ಇಂಡಿಯ ಕಳ್ಳರಿಗಾಗಿ ಬಾಗಿಲು ಕಾಯುತ್ತಿದ್ದ ನಾನು ಅಂದಿನಿಂದ ಅತ್ತೆಯನ್ನು ಕಾಯತೊಡಗಿದೆ. ಅವರು ನೀರಿಗೆ ಹೋದರೆ ನನಗೂ ನೀರು ಬೇಕು, ಮಾಳಿಗೆಗೆ ಹೋದರೆ ನನಗೂ ಮೆಣಸಿನಕಾಯಿಯ ನೆನಪು. ನಮ್ಮವರಿಗೆ ಹೇಳಲು ಬಾಯಿ ತೆರೆದು ತೆರೆದು ಮುಚ್ಚಿದೆ. ಅವ್ವ ನೆನಪಾಗಿ ಒಲೆಯ ಮುಂದೆ ಅತ್ತು, ಹೊಗೆ ಎಂದು ಕಣ್ಣೊರೆಸಿಕೊಂಡೆ.

ಒಂದು ಮಟಮಟ ಮಧ್ಯಾಹ್ನ, ಗಂಡಸರು ಅಂಗಡಿ ಕಚೇರಿಗಳಲ್ಲಿದ್ದಾಗ, ಅತ್ತೆ ಮಡಿಸಿದ ಕೌದಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲೇರಿದರು. ಬೇಸಿಗೆಯ ಬಿಸಿಲಿಗೆ ಕೌದಿ ಯಾಕೆ? ನಾನೂ ಹಿಂದೆ ಏರಿದೆ. ಅವರು ಕೌದಿಯನ್ನು ಗಾಜಿನ ಮೇಲೆ ಹಾಸಿ, ಅದರ ಮೇಲೆ ಒಂದು ಕೈಯೂರಿ, ಇನ್ನೊಂದನ್ನು ಆಚೆಗೆ ಚಾಚಿದ್ದರು. ಆಚೆಯಿಂದ ಇಂದೂಬಾಯಿ, ಮಡಿಯುಟ್ಟವರೇ, ಅರಿವೆ ಸುತ್ತಿದ ಏನನ್ನೋ ನೀಡುತ್ತಿದ್ದರು.

"ಅತ್ತೀ, ಏನ್ರಿ ಇದು?"

ನನ್ನ ದನಿಗೆ ಅತ್ತೆ ಬೆಚ್ಚಿದರು. ಊರಿದ ಕೈ ಜಾರಿತು, ಗಾಜು ಕೌದಿಯನ್ನು ಸೀಳಿ ಅಂಗೈಗೆ ಇಳಿಯಿತು. ಅರಿವೆಯಲ್ಲಿದ್ದ ಡಬ್ಬಿ ನಮ್ಮ ಕಡೆಗೆ ಬಿತ್ತು. ಅದನ್ನು ಯಾರೂ ನೋಡಲಿಲ್ಲ, ಯಾಕೆಂದರೆ ಇಂದೂಬಾಯಿ ಮುಂದೆ ಬಾಗಿ ಅತ್ತೆಯ ರಕ್ತದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಬಿಟ್ಟಿದ್ದರು.

"ಬಿಡ್ರಿ ಇಂದೂಬಾಯಾರ, ನೀವು ಮಡೀಲೆ ಅದೀರಿ!"

"ಸುಡು ಆ ಮಡಿ! ರಕ್ತ ಬರ್ಲಿಕ್ಕತ್ತದ. ಕೈ ಕೊಡು ಇಲ್ಲೆ."

ಮಡಿಸೀರೆಯ ಸೆರಗನ್ನು ಹರಿದು ಅವರು ಅಂಗೈಗೆ ಕಟ್ಟಿದರು. ನಾನು ಡಬ್ಬಿ ಎತ್ತಿಕೊಂಡು ತೆರೆದೆ. ನನ್ನವ್ವನ ಬೋರಮಾಳ ಇದ್ದದ್ದು ಇದ್ದಂತೆಯೇ ಸುರುಳಿ ಸುತ್ತಿಕೊಂಡು ಮಲಗಿತ್ತು.

"ಇದು ಅವರ ಮನ್ಯಾಗ ಯಾಕಿತ್ತರಿ?" ಎಂದೆ.

"ನಮ್ಮ ಮನಿ ಹೊಕ್ಕ ಕಳ್ಳ ನಮ್ಮ ಟ್ರಂಕ ಒಡೀತಾನ," ಎಂದರು ಅತ್ತೆ. "ಇವರ ಮಡಿ ಡಬ್ಬಿ ಯಾಂವ ಮುಟ್ತಾನ? ಹಡದ ಮಗನ ಮುಟ್ಟಂಗಿಲ್ಲ."

"ನಮ್ಮ ಬಂಗಾರ ಮಡಿಗೆ ಬರತೈತೇನ್ರಿ?"

"ಬಂಗಾರಕ್ಕೆಲ್ಲಿ ಮೈಲಿಗೀನವಾ?" ಎಂದರು ಇಂದೂಬಾಯಿ. "ನನ್ನ ಪಾಟ್ಲಿ ನಿಮ್ಮ ಮನ್ಯಾಗ ಇಲ್ಲೇನು? ಮೊಮ್ಮಗಳಿಗಂತ ಇಟ್ಟದ್ದು."

ಆ ಬಂಗಾರದ ಬಳೆಗಳು ಎಲ್ಲಿ ಎಂದು ನಾನು ಕೇಳುವ ಮೊದಲೇ ಅತ್ತೆ ನಕ್ಕರು. "ದಿನಾ ಜೋಳ ತಗೀತಿಯಲ್ಲ, ಆ ಗುಮ್ಮಿ ತಳದಾಗ."

ಗುಮ್ಮಿ ಎಂದರೆ ನಮ್ಮ ಜೋಳ ತುಂಬಿಡುವ ದೊಡ್ಡ ಬುಟ್ಟಿ. ಅದರ ತಳ ಕಾಣಬಾರದು, ಕಂಡರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಮದುವೆಯಾದ ದಿನದಿಂದ ಅತ್ತೆ ನನಗೆ ತಾಕೀತು ಮಾಡುತ್ತ ಬಂದಿದ್ದರು. ಅಲ್ಲಿದ್ದ ಲಕ್ಷ್ಮಿ ಪಕ್ಕದ ಮನೆಯವಳು ಎಂದು ನನಗೇನು ಗೊತ್ತು! ಪಾತ್ರೆ ಮಾರುವ ಬೋಗಾರಿತಿಗೆ ನೀರು ಕೊಡಲೂ ಅನುಮಾನಿಸುತ್ತಿದ್ದ ನಾನು ದಿನವೂ ಮುಂಜಾನೆ ಪರರ ಬಂಗಾರದ ಮೇಲೆ ಬಾಗಿ ಜೋಳ ಅಳೆಯುತ್ತಿದ್ದೆ.

"ನಿಮ್ಮ ಮಗಾ ಸೊಲ್ಲಾಪುರದ ಕೀಲಿ ತಂದಾರಲ್ಲರಿ," ಎಂದೆ. "ಸರಳು ಅದಾವು, ಗಾಜ ಐತಿ..."

"ಅವೆಲ್ಲ ಹೊರಗಿನ ಕಳ್ಳಗ. ಆ ಕೀಲಿಕೈ ಯಾರ ಕಿಸೇದಾಗೈತಿ? ನಿಮ್ಮ ಮಾವ ಒಮ್ಮೆ ಹತ್ತಿ ವ್ಯಾಪಾರಕ್ಕಂತ ನನ್ನ ಕೊಳ್ಳಾಗಿನ ಟೀಕಿ ಒಯ್ದರು. ತಿರುಗಿ ಬಂದದ್ದು ಅವರಷ್ಟ."

"ನಮ್ಮವರು ಇಸ್ಪೀಟಿನ್ಯಾಗ ಒಂದು ಜೋಡಿ ಪಾಟ್ಲಿ ಕಳದ್ರು," ಎಂದರು ಇಂದೂಬಾಯಿ, ಅತ್ತೆಯ ಕೈ ಇನ್ನೂ ಬಿಡದೆ. "ಫಿರ್ಯಾದಿ ಯಾರ ಮ್ಯಾಲೆ ಕೊಡೂದವಾ? ಕಳ್ಳಗ ನಾವಽ ಊಟಕ್ಕ ಬಡಸಬೇಕು."

ಆ ಬಿಸಿಲಿನಲ್ಲಿ ನಿಂತು ನಾನು ಅತ್ತುಬಿಟ್ಟೆ. ಸರ ಸಿಕ್ಕ ಸಂತೋಷಕ್ಕೆ ಒಂದಿಷ್ಟು, ಆ ಕೈಯ ರಕ್ತಕ್ಕೆ ಒಂದಿಷ್ಟು. ಸಂಶಯದಲ್ಲಿ ನಾನೇ ಪಂಡಿತೆ ಎಂದುಕೊಂಡಿದ್ದೆ. ಇವರಿಬ್ಬರ ಮುಂದೆ ನನ್ನದು ಬರೀ ಅಕ್ಷರಾಭ್ಯಾಸ. ನಾನು ಎಲ್ಲರನ್ನೂ ಸಂಶಯಿಸಿ ಅಲ್ಲಿಗೇ ನಿಂತಿದ್ದೆ. ಇವರು ಗಂಡ, ಮಗ, ಬೀಗ, ಬಾಗಿಲು ಎಲ್ಲವನ್ನೂ ಸಂಶಯಿಸಿ, ಉಳಿದ ನಂಬಿಕೆಯನ್ನೆಲ್ಲ ಒಟ್ಟುಮಾಡಿ ಒಂದೇ ಕಡೆ ಇಟ್ಟಿದ್ದರು. ಆ ಸಂಜೆ ನಮ್ಮವರು ಅಂಗಿ ಕಳಚುತ್ತ ಒಳಕಿಸೆಯ ಕೀಲಿಕೈಯನ್ನು ತಡವಿ ನೋಡಿಕೊಂಡಾಗ, ನಾನು ಅವರನ್ನು ಬಳೆಗಾರನನ್ನು ನೋಡುವ ಕಣ್ಣಿನಿಂದ ನೋಡಿದೆ.

ಲಗ್ನಕ್ಕೆ ಬೋರಮಾಳ ಹಾಕಿಕೊಂಡು ಹೋದೆ, ತಮ್ಮನ ತಲೆಗೆ ಅಕ್ಷತೆ ಹಾಕುವಾಗ ಅವ್ವ ಕೊರಳಲ್ಲೇ ಇದ್ದಳು. ತಿರುಗಿ ಬಂದ ಮೇಲೆ ಅತ್ತೆ ಅದನ್ನು ಕೇಳಲಿಲ್ಲ. ನಾನೇ ಮಾಳಿಗೆಗೆ ಹೋಗಿ, ಕಲ್ಲಿನಿಂದ ಕುಂಬಿಯ ಗಾಜನ್ನು ಒಂದು ತಾಟು ಕೂರುವಷ್ಟು ಅಗಲ ಬಡಿದು ತೆಗೆದು, ಉಂಡಿಯ ಕೆಳಗೆ ಡಬ್ಬಿಯಿಟ್ಟು, ಅರಿವೆ ಮುಚ್ಚಿ, ಹಿಂದೆ ಸರಿದು ನಿಂತೆ. ಗಾಜು ಹೇಗೆ ಒಡೆಯಿತು ಎಂದು ನಮ್ಮವರು ಕೇಳಿದರು. ಬೆಕ್ಕು ಎಂದೆ. ನಂಬಿದರು. ಇಷ್ಟು ಸುಲಭವಾಗಿ ನಂಬುವವರ ಕೈಯಲ್ಲಿ ಮನೆಯ ಕೀಲಿಕೈ ಇರಬಾರದು ಎಂದು ನನಗೆ ಆಗ ಖಾತ್ರಿಯಾಯಿತು.

ಕೆಲವು ವರ್ಷಗಳಾದ ಮೇಲೆ ಅತ್ತೆ ಒಂದು ಮುಂಜಾನೆ, ಯಾರಿಗೂ ಏನೂ ಹೇಳದೆ, ಕೂತಲ್ಲೇ ಹೋಗಿಬಿಟ್ಟರು. ಬಂದವರೆಲ್ಲ ಅತ್ತು ಹೋದ ಮೇಲೆ ಮಾಳಿಗೆಯ ಮೆಟ್ಟಿಲಿನಿಂದ ಇಂದೂಬಾಯಿ ಇಳಿದು ಬಂದರು; ನಮ್ಮ ಮನೆಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಅತ್ತೆಯ ಬಂಗಾರ, ನನ್ನ ಬೋರಮಾಳ, ಎಲ್ಲವನ್ನೂ ನನ್ನ ಉಡಿಯಲ್ಲಿಟ್ಟರು. ಅತ್ತೆ ಅವರಲ್ಲಿ ಏನೇನು ಇಟ್ಟಿದ್ದರೆಂದು ಬಲ್ಲ ಇನ್ನೊಂದು ಜೀವ ಭೂಮಿಯ ಮೇಲೆ ಇರಲಿಲ್ಲ. ನಾನು ಗುಮ್ಮಿಯ ಕಡೆಗೆ ಏಳಹೋದೆ. ಅವರು ನನ್ನ ಭುಜ ಒತ್ತಿ ಕೂಡಿಸಿದರು.

"ನನ್ನವು ಅಲ್ಲೇ ಇರ್ಲಿ. ಇಷ್ಟು ದಿನ ನೀಲವ್ವ ಇದ್ಲು, ಇನ್ನ ನೀನು."

ಈಗ ಮನೆ ಬದಲಾಗಿದೆ, ಮಾಳಿಗೆ ಹೋಗಿ ಸ್ಲ್ಯಾಬು ಬಂದಿದೆ. ಆ ಪಾಟ್ಲಿ ಮೊಮ್ಮಗಳ ಕೈ ಸೇರಿ ಎಷ್ಟೋ ಕಾಲವಾಯಿತು. ನಮ್ಮ ಮನೆಗೆ ಇದುವರೆಗೆ ಕಳ್ಳರು ಬಂದಿಲ್ಲ, ಅದಕ್ಕೆಲ್ಲ ತಮ್ಮ ಸೊಲ್ಲಾಪುರದ ಬೀಗವೇ ಕಾರಣವೆಂದು ನಮ್ಮವರು ಬಂದವರಿಗೆಲ್ಲ ಇಂದಿಗೂ ಹೇಳುತ್ತಾರೆ. ಹೌದ್ರಿ ಎನ್ನುತ್ತೇನೆ, ಆ ಬೀಗದಿಂದಲೇ ಶುಂಠಿ ಜಜ್ಜುತ್ತೇನೆ.

ಹಾಗಾದರೆ ಆ ಬೋರಮಾಳ ಈಗ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಇಷ್ಟು ಹೊತ್ತು ನನ್ನ ಮಾತು ಕೇಳಿದ ಸ್ನೇಹಿತರು ನೀವು, ನಿಜ. ಆದರೆ ಅದನ್ನು ತಿಳಿದುಕೊಂಡು ನೀವೇನು ಮಾಡುತ್ತೀರಿ? ಚಹಾ ಆಗಿದೆ, ಕುಡಿದು ಹೋಗಿ.