ನಮ್ಮವರಿಗೆ ಇಟ್ಟಿದ್ದ ಇಂಕು

ಕೊರೋನಾ ಕಳೆದ ಎರಡನೇ ವರ್ಷ. ನ್ಯಾಮತಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಫೋಟೋ ಪ್ರಿಂಟ್ ಮಾಡಿಕೊಡುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುತ್ತಾ ಕಂಪ್ಯೂಟರ್ ಕೆಲಸ ನೋಡಿ ಕಲಿತವಳು. ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣದ ಫೋಟೋ, ತೀರಿಕೊಂಡವರ ಫ್ರೇಮಿನ ಫೋಟೋ, ಇವೇ ನನ್ನ ಕೆಲಸ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆಯಲು ಕೂತಿದ್ದೇನೆ.

ಮೊದಲು ಕೊಂಡದ್ದು ಕಾರ್ಟ್ರಿಜ್ ಪ್ರಿಂಟರ್. ನಾಲ್ಕು ಸಾವಿರಕ್ಕೆ ಸಿಕ್ಕಿತೆಂದು ಹಿಗ್ಗಿದ್ದೆ. ಕಾರ್ಟ್ರಿಜ್ ಅಂದರೆ ಇಂಕು ತುಂಬಿದ ಸಣ್ಣ ಡಬ್ಬಿ. ಬಣ್ಣದ ಡಬ್ಬಿಗೆ ಸಾವಿರದ ಹತ್ತಿರ ಬೆಲೆ. ದೊಡ್ಡ ಫೋಟೋ ಆದರೆ ಮೂವತ್ತು ತೆಗೆಯುವಷ್ಟರಲ್ಲಿ ಖಾಲಿ. ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟವರು ಇಂಕಿನಲ್ಲಿ ವಸೂಲಿ ಮಾಡುತ್ತಾರೆಂದು ಆಮೇಲೆ ತಿಳಿಯಿತು. ದಾವಣಗೆರೆಯಿಂದ ಲೋಕಲ್ ಇಂಕು ತಂದು ಸಿರಿಂಜಿನಲ್ಲಿ ಅದೇ ಡಬ್ಬಿಗೆ ತುಂಬತೊಡಗಿದೆ. ಫೋಟೋ ಆಗಷ್ಟೇ ಹೊರಬಂದಾಗ ಒಳ್ಳೆಯ ಇಂಕಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆರು ತಿಂಗಳಾದ ಮೇಲೆ ಕಾಣುತ್ತದೆ.

ಅದನ್ನು ತೋರಿಸಿದವರು ಹೊನ್ನಾಳಿ ಕಡೆಯ ಒಬ್ಬ ಗಿರಾಕಿ. ಮಗಳ ಮದುವೆಯ ಫೋಟೋ ತಂದು ಮೇಜಿನ ಮೇಲೆ ಹಾಕಿ, "ಏನ್ ತಾಯಿ, ನಮ್ಮ ಹುಡುಗಿಗೆ ಕಾಮಾಲೆ ಬರ್ಸಿದೀರಲ್ಲ? ಬೀಗರು ಔಷಧಿ ಕೊಡಿಸ್ರಿ ಅಂತಾರೆ" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕೆಂಪು ಬಣ್ಣ ಹಾರಿಹೋಗಿ ಮದುಮಗಳ ಮುಖ ಹಳದಿ ಹಸಿರಾಗಿತ್ತು.

ಕೂಡಿಟ್ಟಿದ್ದ ದುಡ್ಡಿನಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆ. ಬಾಟಲಿಯಿಂದ ನೇರವಾಗಿ ಇಂಕು ಸುರಿಯುವಂಥದು. ಕೊಳ್ಳುವಾಗ ಮೂರುಪಟ್ಟು ಬೆಲೆ, ಆದರೆ ಕಂಪನಿ ಇಂಕನ್ನೇ ಹಾಕಿದರೂ ಫೋಟೋಗೆ ಬೀಳುವ ಖರ್ಚು ಬಹಳ ಕಡಿಮೆ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಹಾಳೆ ತೆಗೆಯಬೇಕು. ಇಲ್ಲದಿದ್ದರೆ ಇಂಕು ಒಣಗಿ, ಅದು ಚಿಮ್ಮುವ ಹೆಡ್ಡಿನ ತೂತು ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಹೆಡ್ ಕ್ಲೀನಿಂಗ್ ಕೊಟ್ಟರೆ ಅದೇ ಅರ್ಧ ಇಂಕು ಕುಡಿಯುತ್ತದೆ.

ಹಳೇ ಪ್ರಿಂಟರನ್ನು ಬಿಸಾಡದೆ ಮೇಜಿನ ಕೆಳಗಿಟ್ಟೆ. ನೆಂಟರು ದುಡ್ಡು ಕೊಡುವುದಿಲ್ಲ, ಕೇಳುವುದಕ್ಕೂ ಆಗುವುದಿಲ್ಲ. ಚನ್ನಗಿರಿಯ ಚಿಕ್ಕಮ್ಮ ಒಂದೇ ಸಲಕ್ಕೆ ನಲವತ್ತು ಫೋಟೋ ತೆಗೆಸಿ, "ನಿಂದೇ ಮಿಷನ್ನು, ನಿನಗೇನೇ ಖರ್ಚು?" ಅಂದಿದ್ದಳು. ಅಂದಿನಿಂದ ಗಿರಾಕಿಗಳಿಗೆ ಮೇಲಿನ ಪ್ರಿಂಟರ್, ನಮ್ಮವರಿಗೆ ಲೋಕಲ್ ಇಂಕಿನ ಕೆಳಗಿನದು.

ಆ ವರ್ಷ ನನ್ನ ತಮ್ಮ ಮಂಜಣ್ಣನ ಮಗಳು ಚಿನ್ನಿ ಜ್ವರ ಬಂದು ತೀರಿಕೊಂಡಳು. ನಾಲ್ಕು ವರ್ಷದ ಕೂಸು. ಮಂಜಣ್ಣ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕುರಿ ಸಾಕಿಕೊಂಡಿದ್ದಾನೆ. ಎರಡು ವಾರ ಕಳೆದು, ಗಾಜು ಒಡೆದ ಫೋನ್ ಹಿಡಿದುಕೊಂಡು ನ್ಯಾಮತಿಗೆ ಬಂದ. ಒಂದು ಗಳಿಗೆ ನಿಲ್ಲದ ಮಗು ಅದು. ಮುಖ ಸರಿಯಾಗಿ ಕಾಣುವ ಫೋಟೋ ಒಂದೇ ಇತ್ತು.

"ಅಕ್ಕ, ನಿನ್ನ ಕಂಪ್ಯೂಟರಿನಾಗೂ ಇಟ್ಕಂಡಿರು. ಈ ಫೋನು ಇವತ್ತೋ ನಾಳೆನೋ ಅನ್ನಂಗೈತೆ."

"ಇರ್ತೈತೆ ಬಿಡು" ಅಂದೆ.

ಕೈ ಮೇಜಿನ ಕೆಳಗಿನ ಪ್ರಿಂಟರಿಗೆ ಹೋಯಿತು. ಯೋಚಿಸದೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಮೇಲಿನದರಲ್ಲಿ ಕೆಂಪು ಇಂಕು ತಳ ಕಂಡಿತ್ತು, ಮಾರನೆಯ ದಿನ ಶಾಲೆಯೊಂದರ ಗ್ರೂಪ್ ಫೋಟೋ ಕೊಡಬೇಕಿತ್ತು. ಅದಕ್ಕೆ ಉಳಿಸಿದೆ. ಮಂಜಣ್ಣ ಫೋಟೋ ನೋಡಿ, "ಚೆನ್ನಾಗಿ ಬಂದೈತೆ" ಎಂದು ಕಣ್ಣೊರೆಸಿಕೊಂಡ.

ಕೆಲವು ತಿಂಗಳಿಗೆ ಕಂಪ್ಯೂಟರ್ ನಿಧಾನವಾಯಿತು. ಮುಗಿದ ಕೆಲಸದ ಫೋಲ್ಡರ್ ಪೂರ್ತಿ ಅಳಿಸಿದೆ. ಚಿನ್ನಿ ಅದರಲ್ಲಿದ್ದಳು.

ವರ್ಷ ತುಂಬುವ ಮೊದಲೇ ತಮ್ಮ ಆ ಫ್ರೇಮನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಅವನ ಫೋನ್ ಕೆಟ್ಟು ಮೂಲೆ ಸೇರಿತ್ತು, ರಿಪೇರಿಯವರು ಕೈಚೆಲ್ಲಿದ್ದರು.

"ಮುಖ ಹೋಗ್ತಾ ಐತೆ ಅಕ್ಕ. ಇನ್ನೊಂದು ತೆಗೆದುಕೊಡಾಕೆ ಆಗ್ತೈತಾ?"

ಇಲ್ಲವೆಂದು ಗೊತ್ತಿದ್ದೂ ಅವನ ಮುಂದೆ ಅರ್ಧ ಗಂಟೆ ಕಂಪ್ಯೂಟರಿನಲ್ಲಿ ಹುಡುಕಿದಂತೆ ಮಾಡಿದೆ. ಆಮೇಲೆ ಕೇಳಿದೆ: "ಇದನ್ನ ಎಲ್ಲಿ ಹಾಕಿದ್ರಿ?"

"ಬಾಗಿಲ ಎದುರಿಗೆ. ರೇಣುಕಾನೇ ಮೊಳೆ ಹೊಡೆದಿದ್ದು."

"ಮತ್ತೆ? ಬಿಸಿಲು ಬಿದ್ರೆ ಯಾವ ಫೋಟೋ ಉಳೀತೈತೆ?"

ಅವನು ಫ್ರೇಮ್ ಸುತ್ತಿಕೊಂಡು ಬಸ್ಸಿಗೆ ಹೋದ.

ಮುಂದಿನ ತಿಂಗಳು ನಾನೇ ಬಿಳಿಚೋಡಿಗೆ ಹೋದೆ. ಗೋಡೆಯಲ್ಲಿ ಬರೀ ಮೊಳೆ ಇತ್ತು. ಫೋಟೋ ಎಲ್ಲಿ ಎಂದು ತಮ್ಮನ ಹೆಂಡತಿ ರೇಣುಕಾಳನ್ನು ಕೇಳಿದೆ. ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಿದ್ದಳು.

"ಬೆಳಕು ತಾಗಬಾರ್ದಲ್ಲಕ್ಕ. ನಾನೇ ಹಾಳು ಮಾಡ್ದೆ. ಬಾಗಿಲ ಎದುರಿಗಿದ್ರೆ ಈಗ ಹೊರಗಿಂದ ಆಡ್ಕಂಡು ಬಂದಂಗೆ ಕಾಣ್ತಾಳೆ ಅಂತ ಹಾಕಿದ್ದೆ. ಅವ್ರು ಅವತ್ತಿಂದ ನನ್ನ ಸಂಗಡ ಸರಿಯಾಗಿ ಮಾತಾಡಿಲ್ಲ. ನಾನೂ ತೆಗೆದು ನೋಡಿಲ್ಲ. ತೆಗೆದ್ರೆ ಇನ್ನಷ್ಟು ಹೋಗ್ತಾಳೆ."

ಮಗು ಕಳೆದುಕೊಂಡವಳ ತಲೆಯ ಮೇಲೆ ನನ್ನ ತಪ್ಪನ್ನೂ ಹೊರಿಸಿದ್ದೆ.

"ಬಿಸಿಲಲ್ಲ ರೇಣುಕಾ, ಇಂಕು. ಅಗ್ಗದ ಇಂಕಿನಾಗೆ ತೆಗೆದೆ. ಗೊತ್ತಿದ್ದೇ ತೆಗೆದೆ. ಇಟ್ಕೋ ಅಂದಿದ್ದನ್ನೂ ಅಳಿಸಿಬಿಟ್ಟೆ."

ಹೊಸ್ತಿಲಲ್ಲಿ ಹಗ್ಗ ಹೊಸೆಯುತ್ತಿದ್ದ ಮಂಜಣ್ಣನಿಗೆ ಕೇಳಿಸಿತು. ಕೈ ನಿಲ್ಲಿಸಿ, "ದುಡ್ಡು ಕೇಳಿದ್ರೆ ಕೊಡ್ತಿದ್ನಲ್ಲಕ್ಕ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಆ ಫೋಟೋವನ್ನು ನ್ಯಾಮತಿಗೆ ತಂದು ಸ್ಕ್ಯಾನ್ ಮಾಡಿ ಹದಿನೈದು ದಿನ ಕೂತೆ. ಬಣ್ಣ ಕೂಡಿಸಬಹುದು, ಅಳಿಸಿಹೋದ ಗೆರೆ ಮರಳಿ ಬರುವುದಿಲ್ಲ. ಹುಬ್ಬನ್ನು, ತುಟಿಯ ಅಂಚನ್ನು ನಾನೇ ಬರೆದು, ಒಳ್ಳೆಯ ಇಂಕಿನಲ್ಲಿ ತೆಗೆದು ಕೊಂಡೊಯ್ದೆ. ರೇಣುಕಾ ಬಹಳ ಹೊತ್ತು ನೋಡಿದಳು. "ಚೆಂದೈತಕ್ಕ. ಆದ್ರೆ ಇವಳು ಅವಳಲ್ಲ" ಎಂದು ವಾಪಸ್ ಕೊಟ್ಟಳು.

ಮನೆಗೆ ಪ್ರಿಂಟರ್ ಕೊಳ್ಳುವಾಗ ಈಗಲೂ ಜನ ನನ್ನನ್ನು ಕೇಳುತ್ತಾರೆ. ಪ್ರಿಂಟರಿನ ಬೆಲೆಗಿಂತ ಮೊದಲು ಇಂಕಿನ ಬೆಲೆ ವಿಚಾರಿಸಿ, ಫೋಟೋವನ್ನು ಎರಡು ಕಡೆ ಉಳಿಸಿಡಿ, ಉಳಿತಾಯ ಮಾಡುವುದಾದರೆ ಜೆರಾಕ್ಸಿನಲ್ಲಿ ಮಾಡಿ ಎನ್ನುತ್ತೇನೆ. ನನಗೆ ಈ ಕೆಲಸ ಕಲಿಸಿದ್ದು ಬೇರೆ. ಗಿರಾಕಿ ಸಿಟ್ಟಾದರೆ ಬಂದು ಮೇಜಿನ ಮೇಲೆ ಎಸೆಯುತ್ತಾನೆ, ನಮ್ಮವರು ತಮ್ಮದೇ ತಪ್ಪಿರಬೇಕೆಂದು ಸುಮ್ಮನಾಗುತ್ತಾರೆ. ಆ ಧೈರ್ಯದ ಮೇಲೆಯೇ ನಾನು ಅವರಿಗೆ ಕೆಳಗಿನ ಪ್ರಿಂಟರ್ ಇಟ್ಟಿದ್ದೆ.

ಕಳೆದ ಹಬ್ಬಕ್ಕೆ ಮಂಜಣ್ಣ ಮನೆಗೆ ಬಂದಿದ್ದ. ಊಟ ಮಾಡಿದ, ನಕ್ಕು ಮಾತಾಡಿದ. ಬ್ಯಾಂಕಿನ ಅರ್ಜಿ ತೆಗೆಯುವಾಗ ಅವನ ಜೇಬಿನಿಂದ ಒಂದು ಸಣ್ಣ ಕವರು ಬಿತ್ತು. ಒಳಗೆ ಎಂಟು ಪಾಸ್‌ಪೋರ್ಟ್ ಫೋಟೋ. ಕವರಿನ ಮೇಲೆ ಜಗಳೂರಿನ ಸ್ಟುಡಿಯೋದ ಹೆಸರು, ವರ್ಷದ ಹಿಂದಿನ ತಾರೀಖು. ದುಡ್ಡು ಕೊಟ್ಟು ತೆಗೆಸಿದ್ದ. ಅವನಿಗೆ ಕಾಣದಂತೆ ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಹಾರಿರಲಿಲ್ಲ. ಒಳ್ಳೆಯ ಇಂಕು.