ಸಮ ಮಾಡಿದ ತಿರುವು

ನಾನು ಮಾಡಿಸಿದ ಮೊದಲನೆಯ ರಸ್ತೆಯ ತಿರುವಿನಲ್ಲಿ ಒಬ್ಬ ಹೆಣ್ಣುಮಗಳು ಸತ್ತಳು. ಆ ಸಾವನ್ನು ಟೆಂಪೋ ಓಡಿಸುತ್ತಿದ್ದ ಡ್ರೈವರನ ತಲೆಗೆ ಕಟ್ಟಿದರು. ಕಟ್ಟಿದವರಲ್ಲಿ ನಾನೂ ಒಬ್ಬ. ಅವನನ್ನು ಬಿಡಿಸಬಹುದಾಗಿದ್ದ ಒಂದು ಮಾತು ನನಗೆ ಗೊತ್ತಿತ್ತು, ಅದನ್ನು ನಾನು ಆಡಲಿಲ್ಲ. ಈಗ ಬರೆಯುವುದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆದರೂ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಡಿಪ್ಲೊಮಾ ಮುಗಿಸಿ ಕಿರಿಯ ಎಂಜಿನಿಯರನಾಗಿ ನವಲಗುಂದದ ಕಡೆ ಬಂದಿದ್ದೆ. ಕಣ್ಣು ಹಾಯುವ ತನಕ ಸಪಾಟು ಎರೆ ಭೂಮಿ. ಅಂಥ ನೆಲದಲ್ಲಿ ರಸ್ತೆ ದಾರ ಎಳೆದ ಹಾಗೆ ನೆಟ್ಟಗೆ ಹೋಗಬೇಕು. ಆದರೆ ಹಳೆಯ ಚಕ್ಕಡಿ ಹಾದಿ ಯಾರದೋ ಹೊಲದ ಬದುವನ್ನು ಸುತ್ತಿ ಬಲಕ್ಕೆ ಹೊರಳಿತ್ತು. ಹೊಲ ಬಿಡಿಸಿಕೊಳ್ಳುವ ಉಸಾಬರಿ ಯಾರಿಗೆ ಬೇಕು? ನಾವು ಆ ಹಾದಿಯ ಮೇಲೆಯೇ ಗರಸು ಮಣ್ಣು, ಖಡಿ ಕಲ್ಲು ಹಾಕಲು ಶುರು ಮಾಡಿದೆವು. ಎರಡು ಮೈಲಿ ನೆಟ್ಟನೆಯ ರಸ್ತೆ, ಅದರ ತುದಿಗೆ ಒಂದು ಬಿಗಿ ತಿರುವು. ರಸ್ತೆ ಹಾಗಿದ್ದರೆ ಅಪಾಯ ಎಂದು ನನ್ನ ಪುಸ್ತಕದಲ್ಲೇ ಬರೆದಿತ್ತು.

ಕೆಲಸದ ಗ್ಯಾಂಗನ್ನು ನಡೆಸಲು ಒಬ್ಬರು ಮುಕಾದಮರಿದ್ದರು. ಐವತ್ತು ದಾಟಿದವರು. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅರ್ಧ ಆಯುಷ್ಯ ರಸ್ತೆಯ ಮೇಲೆ ಕಳೆದರೂ ಇನ್ನೂ ದಿನಗೂಲಿಯ ರೋಜಂದಾರಿ ಆಳು. ಅವರನ್ನು ಕಾಯಂ ಮಾಡುವ ಕಾಗದ ಆ ವರ್ಷವಷ್ಟೇ ಮೇಲಿನ ಕಚೇರಿಗೆ ಹೋಗಿತ್ತು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆ ಮಣ್ಣಿನಲ್ಲಿ ರಸ್ತೆಗೆ ನೀರೇ ವೈರಿ. ಆದ್ದರಿಂದ ರೋಲರ್ ಓಡಿದ ಮೇಲೆ ಕಾಕಾ ಒಂದು ತಂಬಿಗೆ ನೀರನ್ನು ರಸ್ತೆಯ ನಟ್ಟನಡುವೆ ಸುರಿಯುತ್ತಿದ್ದರು. ಅದು ಎಡಕ್ಕಷ್ಟು ಬಲಕ್ಕಷ್ಟು ಹರಿದರೆ ಕೆಲಸ ಪಾಸು. “ನೀರು ಪಾಲು ಆಗಬೇಕ್ರಿ ಸಾಹೇಬ್ರ. ಅಣ್ಣತಮ್ಮರ ಆಸ್ತಿ ಇದ್ದಂಗ” ಎನ್ನುತ್ತಿದ್ದರು. ನೆಟ್ಟನೆಯ ರಸ್ತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನ್ನ ಪುಸ್ತಕದಲ್ಲೂ ಇರಲಿಲ್ಲ.

ತಿರುವಿನ ಲೆಕ್ಕ ಮಾತ್ರ ಬೇರೆ. ಜೋರಾಗಿ ಬಂದ ಗಾಡಿಯನ್ನು ತಿರುವು ಹೊರಕ್ಕೆ ಒಗೆಯುತ್ತದೆ. ಅಲ್ಲಿ ಹೊರಗಿನ ಅಂಚನ್ನು ಎತ್ತರಿಸಿ ಇಡೀ ರಸ್ತೆಯನ್ನು ಒಳಕ್ಕೆ ವಾಲಿಸಬೇಕು, ಆಗ ರಸ್ತೆಯೇ ಗಾಡಿಗೆ ಹೆಗಲು ಕೊಡುತ್ತದೆ. ನೀರು ಪಾಲಾಗಬಾರದು, ಪೂರಾ ಒಳಗಿನ ಬಾಜುವಿಗೇ ಹರಿಯಬೇಕು. ನಾನು ಹೊರ ಅಂಚಿನ ಗೂಟಗಳನ್ನು ಒಂದು ಫೂಟು ಎತ್ತರಕ್ಕೆ ಬಡಿಸಿ, ಕೆಂಪು ಗುರುತು ಹಾಕಿಸಿ, ಅಕ್ಕನ ಮಗನ ಜವಳಕ್ಕೆಂದು ಐದು ದಿನ ಊರಿಗೆ ಹೋದೆ. ಗೂಟ ಯಾಕೆ ಎತ್ತರ ಎಂದು ಕಾಕಾಗೆ ಬಿಡಿಸಿ ಹೇಳಲಿಲ್ಲ. ಅಕ್ಷರ ಬಾರದವರಿಗೆ ಇದೆಲ್ಲ ಏನು ತಿಳಿದೀತು ಎಂಬ ಸೊಕ್ಕು. ಆ ಸೊಕ್ಕಿಗೆ ನನ್ನನ್ನೇ ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ತಿರುಗಿ ಬಂದಾಗ ತಿರುವು ಸಮವಾಗಿತ್ತು. ನಡುವೆ ಎತ್ತರ, ಎರಡೂ ಬಾಜು ಒಂದೇ ಇಳಿಜಾರು, ಖಡಿ ಕೂತು ರೋಲರೂ ಓಡಿತ್ತು. ಕಾಕಾ ನನ್ನನ್ನು ಆಳುಗಳಿಂದ ದೂರ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ಹೊರಗಿನ ಗೂಟಾ ಎತ್ತರ ಬಡಿಸಿದ್ರಿ ಸಾಹೇಬ್ರ. ಅವಸರದಾಗ ಆಗತೈತ್ರಿ, ಹೊಸಬರಿದ್ದೀರಿ. ಕಣಿಕಿ ಹೇರಿದ ಚಕ್ಕಡಿ ಬಂದ್ರ ಒಳಗಿನ ಬಾಜು ಉಳ್ಳಿ ಬೀಳ್ತಿತ್ತು. ಯಾರಿಗೂ ಹೇಳಿಲ್ರಿ. ನಾನ ಸರಿ ಮಾಡೇನಿ.”

ಮೇಲಿನ ಸಾಹೇಬರು ಬಂದು ನೋಡಿದರೆ ನನಗೆ ಬೈಗುಳ ಬೀಳುತ್ತದೆಂದು ಆ ಮನುಷ್ಯ ನನ್ನ ಮಾನ ಕಾಯ್ದಿದ್ದರು. ಚಕ್ಕಡಿಯ ಮಾತೂ ಸುಳ್ಳಲ್ಲ, ಜೋಳದ ಕಣಿಕೆ ಎತ್ತರಕ್ಕೆ ಹೇರಿದ ಚಕ್ಕಡಿಗೆ ವಾಲಿದ ರಸ್ತೆ ಕಷ್ಟವೇ. “ಛಲೋ ಆತ್ರಿ ಕಾಕಾ” ಎಂದುಬಿಟ್ಟೆ.

ಆದರೂ ಮನಸ್ಸು ತಡೆಯದೆ ಮರುದಿನ ಮೇಲಿನ ಸಾಹೇಬರ ಮುಂದೆ ಹೋಗಿ ನಿಂತು, ಡಾಂಬರು ಹಾಕುವ ಮೊದಲು ಖಡಿ ಕೀಳಿಸೋಣ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಇದು ಚಕ್ಕಡಿ ಹೋಗು ಹಾದಿ. ಇಲ್ಲಿ ಯಾರು ಜೋರ ಓಡಸ್ತಾರ್ರಿ? ಕಿತ್ತ ಮ್ಯಾಲೆ ಕಾರಣಾ ಬರಕೊಡಬೇಕಾಗತೈತಿ. ನಿಮ್ಮ ಮುಕಾದಮನ ಕಾಯಂ ಕಾಗದ ಅಲ್ಲೇ ನಿಂದರತೈತಿ. ನೋಡ್ರಿ, ನಿಮ್ಮ ಮರ್ಜಿ.” ನನ್ನ ಮರ್ಜಿ ಎಂದರೆ ಏನು, ಬಾಲ ಮುದುರಿಕೊಂಡು ಬಂದೆ. ವಾರದಲ್ಲಿ ಡಾಂಬರು ಬಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಕಾಕಾ ಕಾಯಂ ಆದರು. ಕಚೇರಿಗೆಲ್ಲ ಫೇಡೆ ಹಂಚಿ, ನನಗೆ ಮಾತ್ರ ತಾವೇ ಬಾಯಿಗಿಟ್ಟರು.

ಡಾಂಬರು ಬಿದ್ದ ಹಾದಿಯಲ್ಲಿ ಚಕ್ಕಡಿಗಳಷ್ಟೇ ಎಷ್ಟು ದಿನ ಓಡಾಡಿಯಾವು? ಮೊದಲು ಟ್ರ್ಯಾಕ್ಟರುಗಳು ಬಂದವು, ಹಿಂದೆಯೇ ಟೆಂಪೋಗಳು. ಬಲಕ್ಕೆ ಹೊರಳುವಾಗ ರಸ್ತೆಯ ಎಡಕ್ಕೆ ನಡೆಯುವ ಗಾಡಿ ನಾವು ಹೊರಕ್ಕೆ ಇಳಿಸಿಟ್ಟ ಆ ಅರ್ಧದ ಮೇಲೆಯೇ ಇರುತ್ತದೆ. ತಿರುವು ಒಗೆಯುವುದೂ ಅತ್ತಲೇ, ಇಳಿಜಾರು ಎಳೆಯುವುದೂ ಅತ್ತಲೇ. ಎರಡು ಸಲ ದುರಸ್ತಿ ಬೇಕೆಂದು ಕಾಗದ ಬರೆದೆ. ಕಾರಣ ಬರೆಯಲಿಲ್ಲ. ಕಾರಣವಿಲ್ಲದ ಕಾಗದಕ್ಕೆ ಉತ್ತರವೂ ಬರಲಿಲ್ಲ.

ಅದು ಅಣ್ಣಿಗೇರಿಯ ಸಂತೆಯ ದಿನ. ಟೆಂಪೋ ಉರುಳಿದೆ ಎಂದು ಸುದ್ದಿ ಬಂದಾಗ ಎಲ್ಲಿ ಎಂದು ನಾನು ಕೇಳಲೇ ಇಲ್ಲ. ಹೋದಾಗ ಗಾಡಿ ಹೊರಗಿನ ಬಾಜು ಹೊಲದಲ್ಲಿ ಮಗ್ಗುಲಾಗಿತ್ತು. ಬೆಳ್ಳುಳ್ಳಿ ಮಾರಲು ಹೊರಟಿದ್ದ ಹೆಣ್ಣುಮಗಳನ್ನು ಅದರ ಅಡಿಯಿಂದ ತೆಗೆದು ಸೀರೆ ಹೊದಿಸಿದ್ದರು. ಡ್ರೈವರ್ ಮೂವತ್ತರೊಳಗಿನ ಹುಡುಗ, ಮುರಿದ ಕೈ ಹಿಡಿದುಕೊಂಡು ಗಟಾರದ ದಂಡೆಯಲ್ಲಿ ಕೂತಿದ್ದ. ಪೊಲೀಸ್ ಫೌಜದಾರರು ಪಂಚನಾಮೆ ಬರೆಯುತ್ತಾ, “ರಸ್ತೆದಾಗ ಏನರ ದೋಷ ಐತೇನ್ರಿ ಎಂಜಿನಿಯರ್ ಸಾಹೇಬ್ರ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಕಾಕಾ ಹೇಳಿದರು: “ರಸ್ತಾ ಅಗದಿ ಸಮ ಐತ್ರಿ. ನನ್ನ ಕೈಲೆ ಮಾಡೇನಿ.”

ಅವರ ಮುಖ ನೋಡಿದೆ. ಅದರಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ದೋಷ ಇದೆ ಎಂದರೆ ಅವರ ನೌಕರಿ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಹೆಣದ ಮುಂದೆ ಅವರು ಕುಸಿಯುತ್ತಾರೆ ಎಂದುಕೊಂಡೆ. ನನ್ನ ನೌಕರಿಯ ವಿಚಾರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. “ಏನೂ ದೋಷ ಇಲ್ರಿ” ಎಂದು ಸಹಿ ಹಾಕಿದೆ. ಕೋರ್ಟಿನಲ್ಲಿ ಅದೇ ಕಾಗದ ಓದಿದರು. ಹುಡುಗನಿಗೆ ಜೈಲಾಯಿತು, ಲೈಸೆನ್ಸ್ ಹೋಯಿತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದಂತೆ ನಮ್ಮವರು ತಿರುವಿಗೆ ಒಂದು ಎಚ್ಚರಿಕೆಯ ಬೋರ್ಡು ನೆಟ್ಟರು.

ಮೂರ್ನಾಲ್ಕು ವರ್ಷದ ಮೇಲೆ ನವಲಗುಂದ ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಆ ಹುಡುಗ ಸಿಕ್ಕ. ಹಮಾಲಿ ಮಾಡುತ್ತಿದ್ದ, ಮುರಿದಿದ್ದ ಕೈ ಸೊಟ್ಟಗೆ ಕೂಡಿತ್ತು. ಕಾಕಾ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅವರ ಹೆಸರಿನ ನೆಪ ಇನ್ನು ನನಗಿರಲಿಲ್ಲ. ಅವನೇ ಬಂದು ನನ್ನ ಎದುರು ಕೂತ.

“ಭಾಳ ವಿಚಾರ ಮಾಡೇನ್ರಿ ಸಾಹೇಬ್ರ. ನಾ ಅಷ್ಟೇನ್ ಜೋರ ಇದ್ದಿದ್ದಿಲ್ಲ ಅನಸ್ತತಿ. ಸ್ಟೇರಿಂಗ್ ಬಲಕ್ಕ ತಿರಿವಿದ್ನಿ, ಗಾಡಿ ಎಡಕ್ಕ ಜಗ್ಗಿಕೋತ ಹೋತು. ನೀವು ಓದಿದವರು. ಖರೇ ಹೇಳ್ರಿ, ತಪ್ಪು ನಂದ ಏನು?”

ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ಅವನು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿಯಲೇಬೇಕು.

“ಸ್ಪೀಡ್ ಆಗಿತ್ತಪಾ” ಎಂದೆ.

ಅವನು ಸ್ವಲ್ಪ ಹೊತ್ತು ತಲೆಯಾಡಿಸಿದ. “ಹಂಗಾರ ಮುಗೀತು ಬಿಡ್ರಿ. ಒಂದೀಟು ಸಂಶೇ ಇತ್ತು, ಅದಕ್ಕ ಆಕಿ ಮನಿಗೆ ಹೋಗಿದ್ದಿಲ್ಲ. ನಾಳೆ ಹೋಗಿ ಆಕಿ ಮಕ್ಕಳ ಕಾಲಿಗೆ ಬಿದ್ದ ಬರ್ತೇನಿ” ಎಂದು ಎದ್ದು ನನಗೆ ಕೈಮುಗಿದ.

ಅವನು ಬಸ್ಸುಗಳ ನಡುವೆ ದಾಟಿ ಹೋಗುವ ತನಕ ನೋಡುತ್ತಿದ್ದೆ. ಕೂಗಿದರೆ ಕೇಳಿಸುವಷ್ಟೇ ದೂರವಿತ್ತು. ಕೂಗಲಿಲ್ಲ.