ಕಡಲೊಳಗೆ ಕೇಳಿದ ದನಿ

ದೂರದಲ್ಲಿರುವವರ ದನಿ ಕಿವಿಯಲ್ಲಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಇಂಥದ್ದನ್ನೆಲ್ಲ ನಂಬಿ ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಆದರೂ ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನನಗಾದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಅದೊಂದು ಶನಿವಾರ, ನಾನೂ ನನ್ನ ಗಂಡನೂ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿದ್ದೆವು. ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಕಪ್ಪು ಕಲ್ಲುಗಳನ್ನು ನಾನು ಪುಸ್ತಕದಲ್ಲಷ್ಟೇ ತೋರಿಸಿದ್ದೆ. ಬೆಳಗೆಲ್ಲ ಅವುಗಳ ಮೇಲೆ ಕುಳಿತು ಗರುಡಗಳನ್ನೂ ಬೆಳ್ಳಕ್ಕಿಗಳನ್ನೂ ಸಂದುಗಳಲ್ಲಿ ಓಡಾಡುವ ಏಡಿಗಳನ್ನೂ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ನಾನು ನೀರಲ್ಲಿ ಮುಖವಿಟ್ಟು ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಟ್ಟಿಕೊಂಡು ನೀರಿಗಿಳಿದೆ. ಗಂಡನಿಗೆ ಈಜು ಬಾರದು, ದಡದಲ್ಲೇ ಉಳಿದರು.

ನನಗೆ ಈಜು ಕಲಿಸಿದವರು ಗೆಳತಿ ಶಾಹೀನಳ ತಂದೆ ಅಮೀರ್ ಚಾಚಾ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವರದು ಬಟ್ಟೆ ಅಂಗಡಿ. ಚಿಕ್ಕಂದಿನಲ್ಲಿ ಹೊಳಲೂರಿನ ಹತ್ತಿರ ತುಂಗಭದ್ರೆಯಲ್ಲಿ ನಾವು ಆಳಕ್ಕೆ ಹೋದರೆ, ಕೂಗಾಡದೆ, "ಸಾಕಮ್ಮ, ವಾಪಸ್ ಬಾ" ಎನ್ನುತ್ತಿದ್ದರು.

ನೀರೊಳಗೆ ಪಟ್ಟೆಪಟ್ಟೆಯ ಮೀನುಗಳು. ಅಷ್ಟರಲ್ಲಿ ಒಂದು ಆಮೆ ಕಂಡಿತು. ಯಾವ ಅವಸರವೂ ಇಲ್ಲದೆ ಅದು ಹೋಗುತ್ತಿತ್ತು. ನಾನು ಮೈಮರೆತು ಹಿಂದೆಯೇ ಹೋದೆ. ಆಗ ಕಿವಿಯ ಪಕ್ಕದಲ್ಲೇ, ಸ್ಪಷ್ಟವಾಗಿ, ಚಾಚಾನ ದನಿ: "ಸಾಕಮ್ಮ, ವಾಪಸ್ ಬಾ."

ತಲೆ ಎತ್ತಿದೆ. ಯಾರೂ ಇಲ್ಲ. ದಡ ಎಲ್ಲೋ ದೂರದಲ್ಲಿತ್ತು, ನೀರು ನನ್ನನ್ನು ಇನ್ನೂ ನಡುಗಡಲಿನತ್ತ ಎಳೆಯುತ್ತಿತ್ತು. ಓರೆಯಾಗಿ ಈಜುತ್ತಾ ಈಜುತ್ತಾ ಕೈ ಸೋತು ಹೋಗುವ ಹೊತ್ತಿಗೆ ಒಂದು ಬಂಡೆ ಸಿಕ್ಕಿತು. ಗಂಡನಿಗೆ ಏನೂ ಹೇಳಲಿಲ್ಲ. ಆಮೆಯನ್ನು ನೋಡಿದೆ ಎಂದೆ, ಅಷ್ಟೇ.

ಮುಂದಿನ ವಾರ ಚಾಚಾನ ಅಂಗಡಿಗೆ ಹೋದೆ. ನಾನು ಕೂರುವ ಮೊದಲೇ ಅವರು ಕೇಳಿದರು, "ಶನಿವಾರ ಮಧ್ಯಾಹ್ನ ನೀರಿಗೆ ಇಳಿದಿದ್ಯೇನಮ್ಮ?"

"ನಿಮಗೆ ಯಾರು ಹೇಳಿದ್ರು ಚಾಚಾ?"

"ಯಾರೂ ಹೇಳ್ಲಿಲ್ಲ. ಬಟ್ಟೆ ಅಳೀತಾ ಇದ್ದೆ. ಇದ್ದಕ್ಕಿದ್ದ ಹಾಗೆ ಬಾಯಲ್ಲಿ 'ಸಾಕಮ್ಮ, ವಾಪಸ್ ಬಾ' ಅಂತ ಬಂತು. ಎದುರಿಗಿದ್ದ ಗಿರಾಕಿ, 'ನಾನೆಲ್ಲಿ ಹೋದೆ ಮಾರಾಯ್ರೆ, ಇಲ್ಲೇ ಇದೀನಲ್ಲ' ಅಂದ್ಲು. ನಂಗೆ ನೀನು ನೆನಪಾದೆ."

ನಡೆದದ್ದನ್ನು ಹೇಳಿದೆ. ಅವರು ಟೀ ತರಿಸಿದರು.

"ಮತ್ತೆ ಹೋಗ್ತೀಯಾ?"

"ಹೋಗ್ತೀನಿ ಚಾಚಾ. ಆ ಆಮೆ ಎಷ್ಟು ಚೆನ್ನಾಗಿತ್ತು ಗೊತ್ತಾ."

"ಹೋಗು. ಹೇಳಿ ಹೋಗು."

ಅಂದಿನಿಂದ ನೀರಿಗೆ ಇಳಿಯುವ ಪ್ರವಾಸವೆಂದರೆ ಅವರಿಗೆ ಒಂದು ಫೋನ್ ಮಾಡಿಯೇ ಹೊರಡುತ್ತೇನೆ.